ಜೀಪಿನ ಮಾಡಿಗೆ ದೀಪ: ವಯರಿಂಗಿನ ಒಂದು ಪಾಠ

ಅಡಿಕೆ ಗೊನೆ ತುಂಬಿಸಿ ಮುಗಿಯುವಾಗ ಕತ್ತಲಾಗಿರುತ್ತದೆ. ಬಾಡಿಗೆಯ ಕಟಾವು ಯಂತ್ರ ನಮ್ಮ ಬೈಲಿಗೆ ಬರುವಾಗ ರಾತ್ರಿ ಎಂಟು ಗಂಟೆ, ಮೇಲಿನಿಂದ ಮೋಡ ಬೇರೆ. ಮಳೆಗಾಲದಲ್ಲಿ ದಾರಿಗೆ ಅಡ್ಡ ಮರ ಬೀಳುವುದೂ ಹೆಚ್ಚಾಗಿ ನಡುರಾತ್ರಿಯೇ. ಇಂಥ ಹೊತ್ತಿನಲ್ಲಿ ಕೈಯಲ್ಲಿ ಟಾರ್ಚು ಹಿಡಿದು ಕೆಲಸ ಮಾಡಲಿಕ್ಕೆ ಆಗುವುದಿಲ್ಲ. ಜೀಪಿನ ಅಥವಾ ಪಿಕಪ್ಪಿನ ಮಾಡಿನ ಮೇಲೆ ಎರಡು ದೀಪ ಇದ್ದರೆ ಎರಡೂ ಕೈ ಕೆಲಸಕ್ಕೆ ಸಿಗುತ್ತದೆ. ಕಾರ್ಕಳ, ಹೆಬ್ರಿ ಕಡೆಯ ತೋಟದ ಜೀಪುಗಳಲ್ಲಿ ಇಂಥ ದೀಪ ಕಾಣಸಿಗುವುದು ಇದೇ ಕಾರಣಕ್ಕೆ.

ದೀಪ ಕೂರಿಸುವುದು ಸುಲಭ. ಎರಡು ಬೋಲ್ಟು, ಒಂದು ಸ್ಪಾನರು ಸಾಕು. ತೊಂದರೆ ಇರುವುದು ವಯರಿನಲ್ಲಿ. ಹೆಡ್‌ಲೈಟಿನ ವಯರಿಗೆ ಒಂದು ತುಂಡು ಸುತ್ತಿ, ಟೇಪು ಹಚ್ಚಿ, ಮಾಡಿಗೆ ಎಳೆದುಬಿಟ್ಟರೆ ದೀಪವೇನೋ ಉರಿಯುತ್ತದೆ. ಆದರೆ ಫ್ಯೂಸಿಲ್ಲದ ಆ ವಯರು ಬಾನೆಟ್ಟಿನ ಒಳಗೆ ಎಲ್ಲಿಯಾದರೂ ಉಜ್ಜಿ ಸುಲಿದ ದಿನ ಉರಿಯುವುದು ದೀಪವಲ್ಲ, ಗಾಡಿ. ಬೈಹುಲ್ಲು ತುಂಬಿದ ಪಿಕಪ್ಪಿನಲ್ಲಿ ಹೀಗಾದರೆ ನಂದಿಸಲು ಸಮಯವೇ ಸಿಗದು. ಹಾಗಾಗಿ ಕೆಲಸವನ್ನು ಆಟೋ ಇಲೆಕ್ಟ್ರೀಷಿಯನ್ ಕೈಯಲ್ಲೇ ಮಾಡಿಸುವುದಾದರೂ ಸರಿ, ಏನು ಮಾಡಬೇಕು, ಯಾಕೆ ಮಾಡಬೇಕು ಎಂಬುದು ಗಾಡಿಯ ಯಜಮಾನನಿಗೆ ಗೊತ್ತಿರಬೇಕು. ತೋಟಕ್ಕೆ ಪಂಪು, ಪೈಪು ಹಾಕಿ ನೀರು ಹಾಯಿಸಿದವರಿಗೆ ಇದು ಕಷ್ಟದ ವಿದ್ಯೆ ಅಲ್ಲವೇ ಅಲ್ಲ.

ದೀಪ ಯಾತಕ್ಕೆ, ಯಾತಕ್ಕಲ್ಲ

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಮಾಡಿನ ದೀಪ ನಿಂತ ಗಾಡಿಯ ಕೆಲಸದ ದೀಪ. ಗದ್ದೆ ಬದುವಿನಲ್ಲಿ, ಪಂಪಿನ ಶೆಡ್ಡಿನ ಎದುರು, ಅಂಗಳದಲ್ಲಿ, ನಮ್ಮದೇ ಗುಡ್ಡದ ಮಣ್ಣುದಾರಿಯಲ್ಲಿ ಅದಕ್ಕೆ ಜಾಗ. ಡಾಮರು ರಸ್ತೆಯಲ್ಲಿ ಅದಕ್ಕೆ ಕೆಲಸವಿಲ್ಲ.

ಮಂಜಿನಲ್ಲಿ, ಜಡಿಮಳೆಯಲ್ಲಿ ಮಾಡಿನ ದೀಪ ಚಾಲಕನಿಗೇ ಶತ್ರು. ದೀಪ ಕಣ್ಣಿಗಿಂತ ಮೇಲಿರುವುದರಿಂದ ಬೆಳಕು ಹನಿಗಳಿಗೆ ಬಡಿದು ನೇರ ನಮ್ಮ ಕಣ್ಣಿಗೇ ತಿರುಗಿ ಬರುತ್ತದೆ. ಎದುರಿಗೆ ಬಿಳಿ ಪರದೆ ಇಳಿಬಿಟ್ಟ ಹಾಗೆ ಆಗುತ್ತದೆ. ಮಂಜಿನ ದೀಪವನ್ನು ಬಂಪರಿನ ಹತ್ತಿರ ಕೆಳಗೆ ಕೂರಿಸುವುದು ಇದೇ ಕಾರಣಕ್ಕೆ. ಆಗುಂಬೆ ಘಾಟಿಗೋ ಮಾಳದ ಘಾಟಿಗೋ ಉಪಯೋಗವಾದೀತು ಎಂದು ಮಾಡಿಗೆ ದೀಪ ಹಾಕುವವರು ಇದನ್ನು ನೆನಪಿಡಬೇಕು.

ಇನ್ನು ಎದುರಿನವರ ಲೆಕ್ಕ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ನಮ್ಮ ದೀಪದಿಂದ ಅವನಿಗೆ ಮೂರು ಸೆಕೆಂಡು ಕಣ್ಣು ಕಾಣದೆ ಹೋದರೆ 50 ಮೀಟರ್ ಅವನು ಕುರುಡಾಗಿಯೇ ಓಡಿದ ಹಾಗೆ. ವಯಸ್ಸಾದವರ ಕಣ್ಣು ಸುಧಾರಿಸಲು ಇನ್ನೂ ಹೆಚ್ಚು ಹೊತ್ತು ಬೇಕು. ಬೆಳಗಿನ ಜಾವ ಮಲ್ಪೆ ಬಂದರಿಗೆ ಹೊರಟ ಮೀನಿನವರು, ಡಿಪೋಗೆ ಹಾಲು ಕೊಂಡುಹೋಗುವವರು, ರಾತ್ರಿ ಪಾಳಿ ಮುಗಿಸಿ ಮಣಿಪಾಲದಿಂದ ಇಳಿಯುವವರು – ಎದುರು ಬರುವುದು ನಮ್ಮವರೇ.

ಕಾನೂನು ಏನು ಹೇಳುತ್ತದೆ

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 111ನೇ ನಿಯಮ ಇದನ್ನೇ ಹೇಳುತ್ತದೆ. ಗಾಡಿಯ ಮುಂದುಗಡೆ ಸ್ಪಾಟ್‌ಲೈಟ್ ಅಥವಾ ಸರ್ಚ್‌ಲೈಟ್ ಇರಕೂಡದು. ವಿಶೇಷ ಸಂದರ್ಭದಲ್ಲಿ ಮಾತ್ರ, ಅದೂ ನೋಂದಣಿ ಅಧಿಕಾರಿಯ ಮುಂಗಡ ಒಪ್ಪಿಗೆ ಪಡೆದು ಹಾಕಬಹುದು. ಅದೇ ನಿಯಮಗಳ 108ರ ಪ್ರಕಾರ, ರಿವರ್ಸ್ ದೀಪದಂಥ ಕೆಲವು ವಿನಾಯಿತಿ ಬಿಟ್ಟರೆ, ರಸ್ತೆಯಲ್ಲಿ ಹಿಂದಕ್ಕೆ ಕೆಂಪಲ್ಲದೆ ಬೇರೆ ಬೆಳಕು ತೋರಿಸಬಾರದು. 2024ರ ಜುಲೈಯಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ವಿಶೇಷ ಕಾರ್ಯಾಚರಣೆಯನ್ನೂ ಮಾಡಿದ್ದರು.

ಆದ್ದರಿಂದ ಮುಂದಕ್ಕೆ ಮುಖ ಮಾಡಿದ ದೀಪ ಬೇಕೆಂದಿದ್ದರೆ ಮೊದಲು ಆರ್‌ಟಿಒ ಕಚೇರಿಗೆ ಅರ್ಜಿ ಕೊಟ್ಟು, ಲಿಖಿತ ಒಪ್ಪಿಗೆ ಪಡೆದು ಮುಂದುವರಿಯುವುದು ಒಳ್ಳೆಯದು. ಬಾಯಿಮಾತು ಸಾಲದು. ನಮ್ಮ ಹೆಚ್ಚಿನ ಕೆಲಸ ಗಾಡಿಯ ಹಿಂದೆ ಅಥವಾ ಬದಿಯಲ್ಲೇ ಆಗುವುದು: ಮೂಟೆ ಹೇರುವುದು, ಗೊನೆ ರಾಶಿ ಹಾಕುವುದು, ಪಂಪು ಬಿಚ್ಚುವುದು. ಹಾಗಾಗಿ ಹಿಂದಕ್ಕೆ ಮುಖ ಮಾಡಿದ ಕೆಲಸದ ದೀಪವೇ ನಮಗೆ ಹೆಚ್ಚು ಉಪಯೋಗ. ದೀಪ ಯಾವ ಕಡೆಗೇ ಇರಲಿ, ರಸ್ತೆಗೆ ಇಳಿಯುವಾಗ ಆರಿಸಿ, ಮೇಲೆ ಮುಚ್ಚಳ ಹಾಕಿಡಬೇಕು. ರೆಕ್ಸಿನ್ ಹೊಲಿಯುವವರಲ್ಲಿ ಎರಡು ಟೊಪ್ಪಿ ಹೊಲಿಸಿಕೊಂಡರಾಯಿತು.

ಕಾಡಿನ ಅಂಚಿನವರಿಗೆ ಇನ್ನೊಂದು ಮಾತು. ಮಾಳ, ನೂರಾಳ್‌ಬೆಟ್ಟಿನಂಥ ಊರುಗಳಿಗೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು ಹತ್ತಿರ. ರಾತ್ರಿ ಹೊತ್ತು ಕಾಡಿನ ಕಡೆಗೆ ದೊಡ್ಡ ಬೆಳಕು ಬಿಟ್ಟರೆ ಬೇಟೆಗೆ ಹೊರಟವರೆಂದು ಸಂಶಯ ಬರುವುದು ಸಹಜ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧಕ್ಕೆ ಬಳಸಿದ ವಾಹನವನ್ನು ವಶಪಡಿಸಿಕೊಳ್ಳುವ ಅಧಿಕಾರ ಇಲಾಖೆಗೆ ಉಂಟು. ಹಂದಿ ಓಡಿಸಲಿಕ್ಕೆ ಎಂದರೂ ಕೇಳುವವರಿಲ್ಲ. ಬೆಳಕು ನಮ್ಮ ಬೇಲಿಯ ಒಳಗೇ ಇರಲಿ.

ಯಾವ ದೀಪ ಆಗಬಹುದು

ದೀಪದಲ್ಲಿ ಎರಡು ಬಗೆ. ಸ್ಪಾಟ್ ಅಂದರೆ ಬೆಳಕನ್ನು ಕೋಲಿನ ಹಾಗೆ ದೂರಕ್ಕೆ ಎಸೆಯುವಂಥದ್ದು. ಫ್ಲಡ್ ಅಂದರೆ ಹತ್ತಿರದಲ್ಲೇ ಅಗಲಕ್ಕೆ ಹರಡುವಂಥದ್ದು. ಅಂಗಳದ ಕೆಲಸಕ್ಕೆ, ಲೋಡಿಂಗಿಗೆ ಫ್ಲಡ್ಡೇ ಆಗಬೇಕು. ಸ್ಪಾಟ್ ಹಾಕಿದರೆ ದೂರದ ತೆಂಗಿನ ಮರ ಚೆನ್ನಾಗಿ ಕಾಣುತ್ತದೆ, ಕಾಲ ಬುಡದ ಹಗ್ಗ ಕಾಣುವುದಿಲ್ಲ.

ಉರಿಯುವ ವಿಧಾನದಲ್ಲೂ ಎರಡು. ಹಳೆಯದು ಹ್ಯಾಲೊಜೆನ್. ಸಾಮಾನ್ಯವಾಗಿ 55 ವಾಟ್. ಬಲ್ಬು ಹೋದರೆ ಪೇಟೆಯಲ್ಲಿ ಸಿಗುತ್ತದೆ, ನಾವೇ ಬದಲಿಸಬಹುದು. ಬದಲಿಸುವಾಗ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಎಣ್ಣೆ ತಾಗಿದಲ್ಲಿ ಕಾವು ಹೆಚ್ಚಾಗಿ ಬಲ್ಬು ಬೇಗ ಹೋಗುತ್ತದೆ. ಈ ದೀಪ ತುಂಬ ಬಿಸಿಯಾಗುವುದರಿಂದ ರೆಕ್ಸಿನ್ ಹೊದಿಕೆಗೆ, ಹುಲ್ಲಿಗೆ, ಒಣ ಹಾಳೆಗೆ ತಾಗುವ ಹಾಗೆ ಇರಬಾರದು.

ಎಲ್‌ಇಡಿ ಕಡಿಮೆ ಕರೆಂಟಿನಲ್ಲಿ ಹೆಚ್ಚು ಬೆಳಕು ಕೊಡುತ್ತದೆ, ಕುಲುಕಾಟ ತಾಳುತ್ತದೆ. 18 ವಾಟಿನ ಎರಡು ಫ್ಲಡ್ ದೀಪ ಇದ್ದರೆ ಒಂದು ಅಂಗಳಕ್ಕೆ ಧಾರಾಳ. ಹೊಸತಾಗಿ ಹಾಕುವವರು ಇದನ್ನೇ ಹಾಕುವುದು ಲೇಸು. ಆದರೆ ಡಬ್ಬದ ಮೇಲೆ ಬರೆದ ವಾಟನ್ನು ನಂಬಬೇಡಿ. ಅಂಗಡಿಯಲ್ಲೇ ಮೀಟರು ಹಾಕಿಸಿ, ಎಷ್ಟು ಆಂಪಿಯರ್ ಎಳೆಯುತ್ತದೆ ನೋಡಿ, ಅದನ್ನು 12ರಿಂದ ಗುಣಿಸಿ. 100 ವಾಟ್ ಎಂದು ಬರೆದದ್ದು 2 ಆಂಪಿಯರ್ ಮಾತ್ರ ಎಳೆದರೆ ಅದು 24 ವಾಟಿನ ದೀಪ, ಅಷ್ಟೆ.

ನಮ್ಮ ಮಳೆಗೆ ಐಪಿ 67 ಎಂದು ಬರೆದ ದೀಪ ಬೇಕು. ಮೊದಲಿನ 6 ಎಂದರೆ ಧೂಳು ಒಳಗೆ ಹೋಗದು. ಎರಡನೆಯ 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡದು. ಮತ್ತೆ, ತೀರಾ ನೀಲಿ ಬಿಳುಪಿನ ಬೆಳಕಿಗೆ ಹುಳ ಮುತ್ತುವುದು ಜಾಸ್ತಿ. ಹಳದಿ ಛಾಯೆಯದ್ದು ಸಿಕ್ಕಿದರೆ ಒಳ್ಳೆಯದು.

ಗಾಡಿ ಎಷ್ಟು ವೋಲ್ಟಿನದ್ದು ಎಂದೂ ಒಮ್ಮೆ ನೋಡಿಕೊಳ್ಳಿ. ನಮ್ಮ ಜೀಪು, ಪಿಕಪ್ಪು 12 ವೋಲ್ಟು. ಸೇನೆಯ ಹರಾಜಿನಿಂದ ಬಂದ ಗಾಡಿಗಳಲ್ಲಿ 24 ವೋಲ್ಟಿನದ್ದೂ ಉಂಟು. ಮುಂದಿನ ಲೆಕ್ಕವೆಲ್ಲ 12 ವೋಲ್ಟಿನದ್ದು.

ಎಲ್ಲಿ ಕೂರಿಸುವುದು

ತಗಡಿನ ಮಾಡಾದರೆ ತೂತು ಕೊರೆಯಬೇಡಿ. ಕೊರೆದ ತೂತು ಎರಡು ಮಳೆಗಾಲದಲ್ಲಿ ತುಕ್ಕಿನ ಬಾಯಿಯಾಗುತ್ತದೆ. ಮಾಡಿನ ಅಂಚಿನಲ್ಲಿ ನೀರಿನ ದಂಬೆ ಇರುವ ಗಾಡಿಗಳಿಗೆ ದಂಬೆಗೆ ಕಚ್ಚಿಸುವ ಕ್ಲಾಂಪು ಸಿಗುತ್ತದೆ. ಕ್ಯಾರಿಯರ್ ಇದ್ದರೆ ಅದರ ಪೈಪಿಗೆ ಕೂರಿಸುವುದು ಎಲ್ಲಕ್ಕಿಂತ ಸುಲಭ. ರೆಕ್ಸಿನ್ ಹೊದಿಕೆಯ ಜೀಪಾದರೆ ಬಟ್ಟೆಯ ಕೆಳಗಿನ ಸಪೂರ ಬಿಲ್ಲುಗಳಿಗೆ ದೀಪ ಕಟ್ಟಬಾರದು. ಅವು ಅಲ್ಲಾಡುತ್ತವೆ, ಬೆಳಕೂ ಅಲ್ಲಾಡುತ್ತದೆ. ಗಾಜಿನ ಚೌಕಟ್ಟಿಗೋ ಹಿಂದಿನ ಗಟ್ಟಿ ಪೈಪಿಗೋ ಪಟ್ಟಿ ವೆಲ್ಡ್ ಮಾಡಿಸಿ ಕೂರಿಸಬೇಕು. ವೆಲ್ಡಿಂಗ್ ಮಾಡುವಾಗ ಬ್ಯಾಟರಿಯ ಎರಡೂ ವಯರು ಕಳಚಿರಬೇಕು.

ಮುಂದಕ್ಕೆ ಮುಖ ಮಾಡಿದ ದೀಪವಾದರೆ ಅದು ಗಾಜಿನ ಅಂಚಿನಿಂದ ಸ್ವಲ್ಪ ಹಿಂದೆ ಇರಲಿ. ಇಲ್ಲದಿದ್ದರೆ ಬೆಳಕು ಬಾನೆಟ್ಟಿಗೆ ಬಿದ್ದು ಕಣ್ಣಿಗೆ ಹೊಡೆಯುತ್ತದೆ.

ಎತ್ತರದ ಲೆಕ್ಕ ಮರೆಯಬೇಡಿ. ದೀಪ ಕೂರಿಸಿದ ಮೇಲೆ ಗಾಡಿ ಒಂದು ಗೇಣು ಎತ್ತರವಾಗುತ್ತದೆ. ಕೊಟ್ಟಿಗೆಯ ಮಾಡು, ತೋಟದ ಮೇಲಿನಿಂದ ಎಳೆದ ಪೈಪು, ಬಾಗಿದ ಅಡಿಕೆ ಸೋಗೆ, ಪಂಪಿಗೆ ಹೋಗುವ ಜೋತುಬಿದ್ದ ಕರೆಂಟು ವಯರು – ಇವೆಲ್ಲವನ್ನೂ ಒಮ್ಮೆ ನಡೆದು ನೋಡಿ ಬರಬೇಕು. ಕರೆಂಟು ವಯರಿನ ಕೆಳಗಂತೂ ಸಂಶಯವಿದ್ದರೆ ಆ ದಾರಿಯೇ ಬೇಡ.

ಕಾಪು, ಪಡುಬಿದ್ರಿ, ಮಟ್ಟುವಿನಂಥ ಕಡಲ ಕರೆಯ ಊರಿನವರಿಗೆ ಉಪ್ಪುಗಾಳಿಯೇ ದೊಡ್ಡ ವೈರಿ. ಅಲ್ಲಿ ಬೋಲ್ಟು, ವಾಷರು ಸ್ಟೇನ್‌ಲೆಸ್ ಸ್ಟೀಲಿನದ್ದೇ ಆಗಬೇಕು. ಕಾರ್ಕಳದ ಗುಡ್ಡದ ಊರುಗಳಲ್ಲಿ ಮಳೆ ಮತ್ತು ಕುಲುಕಾಟ ಹೆಚ್ಚು. ಅಲ್ಲಿ ನಟ್ಟು ಸಡಿಲವಾಗದ ಹಾಗೆ ಸ್ಪ್ರಿಂಗ್ ವಾಷರು ಅಥವಾ ನೈಲಾನ್ ನಟ್ಟು ಹಾಕಬೇಕು.

ಕರೆಂಟಿನ ಲೆಕ್ಕ: ಪೈಪಿನ ಹಾಗೆಯೇ

ವಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. 55 ವಾಟಿನ ಎರಡು ದೀಪಕ್ಕೆ 110 ವಾಟ್. 12ರಿಂದ ಭಾಗಿಸಿದರೆ ಸುಮಾರು 9 ಆಂಪಿಯರ್. 18 ವಾಟಿನ ಎರಡು ಎಲ್‌ಇಡಿಗೆ 36 ವಾಟ್. ಅಂದರೆ 3 ಆಂಪಿಯರ್.

ಈಗ ನೀರಿನ ಲೆಕ್ಕ ನೆನಪಿಸಿಕೊಳ್ಳಿ. ವೋಲ್ಟು ಅಂದರೆ ಟಾಂಕಿಯ ಎತ್ತರದಿಂದ ಬರುವ ಒತ್ತಡ. ಆಂಪಿಯರ್ ಅಂದರೆ ಹರಿಯುವ ನೀರು. ವಯರು ಅಂದರೆ ಪೈಪು. ಸಪೂರ ಪೈಪಿನಲ್ಲಿ ದೂರಕ್ಕೆ ನೀರು ಎಳೆದರೆ ತುದಿಯ ಸ್ಪ್ರಿಂಕ್ಲರು ತಿರುಗುವುದಿಲ್ಲ. ಸಪೂರ ವಯರಿನಲ್ಲಿ ಹೆಚ್ಚು ಕರೆಂಟು ಎಳೆದರೂ ಹಾಗೆಯೇ, ದೀಪ ಮಂಕಾಗುತ್ತದೆ. ಆದರೆ ಒಂದು ವ್ಯತ್ಯಾಸ ಉಂಟು. ಪೈಪಿನಲ್ಲಿ ನಷ್ಟವಾದ ಒತ್ತಡ ನಮ್ಮ ಕೈಗೆ ತಿಳಿಯುವುದಿಲ್ಲ. ವಯರಿನಲ್ಲಿ ನಷ್ಟವಾದದ್ದು ಕಾವಾಗಿ ವಯರನ್ನೇ ಬಿಸಿ ಮಾಡುತ್ತದೆ.

ಬ್ಯಾಟರಿಯಿಂದ ಮಾಡಿಗೆ 4 ಮೀಟರ್, ತಿರುಗಿ ಬರಲು 4 ಮೀಟರ್ ಎಂದು ಇಟ್ಟುಕೊಳ್ಳಿ. 9 ಆಂಪಿಯರಿಗೆ ದಾರಿಯಲ್ಲಿ ಕಳೆದುಹೋಗುವ ವೋಲ್ಟು ಹೀಗೆ:

1 ಚದರ ಮಿ.ಮೀ. ತಾಮ್ರದ ವಯರು – ಸುಮಾರು 1.3 ವೋಲ್ಟು
1.5 ಚದರ ಮಿ.ಮೀ. – ಸುಮಾರು 0.9 ವೋಲ್ಟು
2.5 ಚದರ ಮಿ.ಮೀ. – ಸುಮಾರು 0.5 ವೋಲ್ಟು
4 ಚದರ ಮಿ.ಮೀ. – ಸುಮಾರು 0.3 ವೋಲ್ಟು

ಹ್ಯಾಲೊಜೆನ್ ದೀಪಕ್ಕೆ ವೋಲ್ಟು ನೂರಕ್ಕೆ 10 ಕಡಿಮೆಯಾದರೆ ಬೆಳಕು ನೂರಕ್ಕೆ ಸುಮಾರು 30 ಕಡಿಮೆಯಾಗುತ್ತದೆ. 1 ಮಿ.ಮೀ. ವಯರು ಹಾಕಿದವರು ಬೆಳಕಿನ ಮೂರನೇ ಒಂದು ಪಾಲನ್ನು ವಯರಿಗೇ ಸುರಿದ ಹಾಗೆ. 2.5 ಚದರ ಮಿ.ಮೀ. ವಯರು ಎರಡು ಹ್ಯಾಲೊಜೆನ್ನಿಗೆ ಸಾಕು. ಎರಡು ಸಣ್ಣ ಎಲ್‌ಇಡಿಗೆ 1.5 ಸಾಕು.

ವಯರು ಹಲವು ಎಳೆಯ ತಾಮ್ರದ್ದೇ ಆಗಬೇಕು. ಒಂದೇ ದಪ್ಪ ಎಳೆಯ ಮನೆ ವಯರು ಗಾಡಿಯ ಕುಲುಕಾಟಕ್ಕೆ ಒಳಗೊಳಗೇ ತುಂಡಾಗುತ್ತದೆ. ತಾಮ್ರ ಬಳಿದ ಅಲ್ಯೂಮಿನಿಯಂ ವಯರೂ ಮಾರುಕಟ್ಟೆಯಲ್ಲಿ ಉಂಟು. ಎಳೆಯನ್ನು ಚೂರಿಯಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಬೇಡ.

ಫ್ಯೂಸು ಟಾಂಕಿಯ ಬುಡದ ವಾಲ್ವು

ಟಾಂಕಿಯ ಬುಡದಲ್ಲಿ ಗೇಟ್ ವಾಲ್ವು ಇಡದೆ ತೋಟದ ಕೊನೆಯಲ್ಲಿ ಇಟ್ಟರೆ, ನಡುವೆ ಪೈಪು ಒಡೆದಾಗ ಏನು ಮಾಡುತ್ತೀರಿ? ಟಾಂಕಿ ಖಾಲಿಯಾಗುವ ತನಕ ನೋಡುತ್ತಾ ನಿಲ್ಲಬೇಕು. ಫ್ಯೂಸೂ ಹಾಗೆಯೇ. ಅದು ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನ ಒಳಗೆ ಇರಬೇಕು. ದೀಪದ ಹತ್ತಿರ ಫ್ಯೂಸು ಹಾಕಿದರೆ ನಡುವಿನ ನಾಲ್ಕು ಮೀಟರ್ ವಯರಿಗೆ ಕಾವಲೇ ಇಲ್ಲ.

ಫ್ಯೂಸು ಕಾಯುವುದು ದೀಪವನ್ನಲ್ಲ, ವಯರನ್ನು. ಆದ್ದರಿಂದ ದೀಪ ಎಳೆಯುವುದಕ್ಕಿಂತ ಸ್ವಲ್ಪ ಹೆಚ್ಚು, ವಯರು ತಾಳುವುದಕ್ಕಿಂತ ಕಡಿಮೆ ಇರಬೇಕು. 9 ಆಂಪಿಯರಿನ ಹ್ಯಾಲೊಜೆನ್ ಜೋಡಿಗೆ 15 ಆಂಪಿಯರ್, ನೀಲಿ ಬಣ್ಣದ ಫ್ಯೂಸು. 3 ಆಂಪಿಯರಿನ ಎಲ್‌ಇಡಿ ಜೋಡಿಗೆ 5 ಆಂಪಿಯರ್. ಫ್ಯೂಸು ಹೋಯಿತೆಂದು ತಾಮ್ರದ ಎಳೆ ಸುತ್ತುವುದು, ಸಿಗರೇಟಿನ ಬೇಗಡೆ ಸುತ್ತುವುದು, ಹಸಿರು ಬಣ್ಣದ 30 ಆಂಪಿಯರಿನದ್ದು ಸಿಕ್ಕಿಸುವುದು – ಇದು ಕಾವಲುಗಾರನ ಕೈಕಟ್ಟಿ ಕೂರಿಸಿದ ಹಾಗೆ. ಡಬ್ಬಿಯಲ್ಲಿ ಅದೇ ಅಳತೆಯ ಎರಡು ಫ್ಯೂಸು ಯಾವಾಗಲೂ ಇರಲಿ.

ರಿಲೇ ಅಂದರೆ ಸಣ್ಣ ಸ್ಟಾರ್ಟರು

ಪಂಪಿನ ಸ್ಟಾರ್ಟರಿನಲ್ಲಿ ನಾವು ಒತ್ತುವುದು ಸಣ್ಣ ಹಸಿರು ಗುಂಡಿ. ಮೋಟಾರಿನ ದೊಡ್ಡ ಕರೆಂಟು ಆ ಗುಂಡಿಯಲ್ಲಿ ಹಾಯುವುದಿಲ್ಲ. ಗುಂಡಿ ಒಳಗಿನ ಕಾಯಿಲಿಗೆ ಕರೆಂಟು ಕೊಡುತ್ತದೆ, ಕಾಯಿಲು ದೊಡ್ಡ ಪಾಯಿಂಟುಗಳನ್ನು ಕೂಡಿಸುತ್ತದೆ. ಗಾಡಿಯ ರಿಲೇ ಇದೇ ಕೆಲಸದ ಬೆಂಕಿಪೊಟ್ಟಣದ ಗಾತ್ರದ ಸ್ಟಾರ್ಟರು. ಅದರ ಕಾಯಿಲಿಗೆ ಒಂದು ಆಂಪಿಯರಿನ ಐದನೇ ಒಂದು ಪಾಲೂ ಬೇಡ. ಹಾಗಾಗಿ ಡ್ಯಾಶ್‌ಬೋರ್ಡಿನ ಸಣ್ಣ ಸ್ವಿಚ್ಚು ಸುಡುವುದಿಲ್ಲ, ದಪ್ಪ ವಯರನ್ನು ಚಾಲಕನ ಮೊಣಕಾಲ ಹತ್ತಿರ ತರುವ ಅಗತ್ಯವೂ ಇಲ್ಲ.

ರಿಲೇಯ ಕಾಲುಗಳ ಹತ್ತಿರ ಅಂಕಿ ಬರೆದಿರುತ್ತದೆ:

30 – ಬ್ಯಾಟರಿಯಿಂದ ಫ್ಯೂಸಿನ ಮೂಲಕ ಬಂದ ದಪ್ಪ ವಯರು
87 – ದೀಪಗಳಿಗೆ ಹೋಗುವ ದಪ್ಪ ವಯರು
86 – ಸ್ವಿಚ್ಚಿನಿಂದ ಬಂದ ಸಪೂರ ವಯರು
85 – ಬಾಡಿ ಅರ್ತಿಗೆ ಹೋಗುವ ಸಪೂರ ವಯರು

ಐದು ಕಾಲಿನ ರಿಲೇ ಆದರೆ ನಡುವಿನ 87ಎ ಎಂಬ ಕಾಲಿನಲ್ಲಿ ಸ್ವಿಚ್ಚು ಆರಿಸಿದಾಗ ಕರೆಂಟು ಇರುತ್ತದೆ. ಅದಕ್ಕೆ ಏನೂ ಕೊಡದೆ ರಬ್ಬರ್ ಸ್ಲೀವು ಹಾಕಿ ಬಿಡಿ. ರಿಲೇ ಮತ್ತು ಫ್ಯೂಸಿನ ಹೋಲ್ಡರು ಎರಡರ ಬೆಲೆ ಸೇರಿಸಿದರೂ ಒಂದಾಳಿನ ಒಂದು ದಿನದ ಮಜೂರಿಗಿಂತ ಕಡಿಮೆ. ಇದನ್ನು ಉಳಿಸಲು ಹೋಗಬಾರದು.

ಸ್ವಿಚ್ಚಿಗೆ ಪ್ಲಸ್ಸನ್ನು ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಜಾಗದಿಂದ, 3 ಆಂಪಿಯರಿನ ಸಣ್ಣ ಫ್ಯೂಸಿನ ಮೂಲಕ ತೆಗೆದುಕೊಳ್ಳಿ. ಕೀಲಿ ತೆಗೆದರೆ ದೀಪ ತಾನಾಗಿ ಆರುತ್ತದೆ. ಮರೆತು ಬ್ಯಾಟರಿ ಇಳಿಯುವ ಭಯವಿಲ್ಲ. ಕಂಪ್ಯೂಟರು ಇರುವ ಹೊಸ ಗಾಡಿಗಳಲ್ಲಿ ಮೂಲ ವಯರು ಕತ್ತರಿಸಿ ತೆಗೆಯುವ ಕೆಲಸ ಬೇಡ. ಗಾಡಿ ಕಂಪೆನಿಯವರಲ್ಲೇ ಜಾಗ ಕೇಳಿ ತಿಳಿದುಕೊಳ್ಳಿ. ವಾರಂಟಿಯ ಪ್ರಶ್ನೆಯೂ ಉಂಟು.

ಹ್ಯಾಂಡ್ ಬ್ರೇಕಿನ ಉಪಾಯ

ರಸ್ತೆಯಲ್ಲಿ ಅಪ್ಪಿತಪ್ಪಿಯೂ ಉರಿಯಬಾರದು ಎಂದಿದ್ದರೆ ಒಂದು ಸುಲಭ ದಾರಿ ಇದೆ. 85ನೇ ಕಾಲಿನ ಅರ್ತನ್ನು ನೇರ ಬಾಡಿಗೆ ಕೊಡದೆ, ಹ್ಯಾಂಡ್ ಬ್ರೇಕಿನ ಬುಡದಲ್ಲಿ ಕೂರಿಸಿದ ಒಂದು ಸಣ್ಣ ಒತ್ತುವ ಸ್ವಿಚ್ಚಿನ ಮೂಲಕ ಕೊಡುವುದು. ಬ್ರೇಕು ಎಳೆದಾಗ ಮಾತ್ರ ಕಾಯಿಲಿಗೆ ಅರ್ತು ಸಿಗುತ್ತದೆ, ದೀಪ ಉರಿಯುತ್ತದೆ. ಬ್ರೇಕು ಬಿಟ್ಟು ಗಾಡಿ ಹೊರಟ ಕೂಡಲೇ ಆರುತ್ತದೆ. ಗಾಡಿಯಲ್ಲಿ ಮೊದಲೇ ಇರುವ ಬ್ರೇಕಿನ ಸ್ವಿಚ್ಚಿಗೆ ಇದನ್ನು ಸೇರಿಸಬೇಡಿ. ಎಚ್ಚರಿಕೆಯ ದೀಪದ ಕೆಲಸ ಕೆಡುತ್ತದೆ. ನಮ್ಮ ಗುಡ್ಡದ ದಾರಿಯಲ್ಲಿ ಓಡಿಸುವಾಗಲೂ ಬೆಳಕು ಬೇಕು ಎನ್ನುವವರಿಗೆ ಈ ಉಪಾಯ ಆಗದು. ಮಕ್ಕಳು, ಆಳುಗಳು, ನೆಂಟರು ಎಂದು ನಾಲ್ಕು ಮಂದಿ ಓಡಿಸುವ ಗಾಡಿಗಾದರೆ ಇದು ತುಂಬ ಒಳ್ಳೆಯದು.

ಅರ್ತಿಗೂ ಒಂದು ವಯರು

ದೀಪವನ್ನು ಕ್ಯಾರಿಯರಿಗೆ ಕೂರಿಸಿದ್ದೇವೆ, ಬಾಡಿಯೇ ಅರ್ತು ಎಂದು ಬಿಡುವವರೇ ಹೆಚ್ಚು. ಕ್ಯಾರಿಯರಿಗೂ ಮಾಡಿಗೂ ನಡುವೆ ಪೈಂಟು, ತುಕ್ಕು, ರಬ್ಬರು. ಜೀಪಿನ ಬಾಡಿಗೂ ಚಾಸಿಸ್ಸಿಗೂ ನಡುವೆ ಮತ್ತೆ ರಬ್ಬರು. ಮಳೆಗಾಲ ಕಳೆದ ಮೇಲೆ ಮಿಣುಕುವ ದೀಪಗಳಲ್ಲಿ ಮೊದಲು ಸಂಶಯಿಸಬೇಕಾದ್ದು ಅರ್ತನ್ನೇ. ಪ್ಲಸ್ ವಯರಿನಷ್ಟೇ ದಪ್ಪದ ಕಪ್ಪು ವಯರನ್ನು ದೀಪದಿಂದ ಕೆಳಗೆ ತಂದು, ಚಾಸಿಸ್ಸಿನಲ್ಲಿ ಪೈಂಟು ಕೆರೆದು ಹೊಳಪು ಕಾಣುವ ಜಾಗಕ್ಕೆ ಥಿಂಬಲ್ ಹಾಕಿ ಬಿಗಿಯಬೇಕು. ಮೇಲಿನಿಂದ ಗ್ರೀಸು ಬಳಿಯಬೇಕು.

ಜೋಡಿಸುವ ಕ್ರಮ

1. ಬ್ಯಾಟರಿಯ ಮೈನಸ್ ವಯರನ್ನು ಮೊದಲು ಕಳಚಿ. ಕೊನೆಗೆ ಸೇರಿಸುವುದೂ ಅದನ್ನೇ. ಸ್ಪಾನರು ಬಾಡಿಗೆ ತಾಗಿ ಕಿಡಿ ಹಾರುವುದು ಇದರಿಂದ ತಪ್ಪುತ್ತದೆ. ಬ್ಯಾಟರಿಯ ಸುತ್ತ ಇರುವ ಗ್ಯಾಸಿಗೆ ಕಿಡಿ ಆಗದು. ಬೀಡಿಯೂ ದೂರ ಇರಲಿ.

2. ದೀಪ ಕೂರಿಸಿ, ಬೋಲ್ಟು ಅರ್ಧ ಬಿಗಿ ಮಾಡಿ. ಬೆಳಕಿನ ದಿಕ್ಕು ನೋಡಿದ ಮೇಲೆ ಪೂರ್ತಿ ಬಿಗಿಯಿರಿ.

3. ರಿಲೇಯನ್ನು ಬಾನೆಟ್ಟಿನ ಒಳಗೆ, ಎಂಜಿನ್ನಿನ ಕಾವು ಮತ್ತು ಚಕ್ರದ ಕೆಸರು ತಾಗದಲ್ಲಿ, ಕಾಲುಗಳು ಕೆಳಮುಖವಾಗಿ ಇರುವಂತೆ ಕೂರಿಸಿ. ಮೇಲ್ಮುಖವಾಗಿದ್ದರೆ ಒಳಗೆ ನೀರು ನಿಲ್ಲುತ್ತದೆ.

4. ವಯರುಗಳನ್ನು ಕಪ್ಪು ಫ್ಲೆಕ್ಸಿಬಲ್ ಪೈಪಿನ ಒಳಗೆ ಎಳೆಯಿರಿ. ಗಾಜಿನ ಚೌಕಟ್ಟಿನ ಬದಿಯಲ್ಲಿ ಮೇಲಕ್ಕೆ ಒಯ್ದು, ಗೇಣಿಗೊಂದರಂತೆ ನೈಲಾನ್ ಟೈ ಹಾಕಿ. ಬಾಗಿಲಿನ ಸಂದಿನಲ್ಲಿ, ಸೈಲೆನ್ಸರಿನ ಹತ್ತಿರ, ಡೀಸೆಲ್ ಪೈಪಿಗೆ ತಾಗಿಸಿಕೊಂಡು ಎಳೆಯಬಾರದು.

5. ತಗಡಿನ ತೂತಿನ ಮೂಲಕ ವಯರು ಹಾಯುವಲ್ಲೆಲ್ಲ ರಬ್ಬರ್ ಬುಶ್ಶು ಬೇಕೇ ಬೇಕು. ಬುಶ್ಶಿಲ್ಲದ ತೂತು ಅಂದರೆ ನಿಧಾನವಾಗಿ ಕೊಯ್ಯುವ ಕತ್ತಿ.

6. ವಯರು ಒಳಗೆ ನುಗ್ಗುವ ಮೊದಲು ಅದನ್ನು ಸ್ವಲ್ಪ ಕೆಳಗೆ ಇಳಿಸಿ, ಬಾಗಿಸಿ, ಮತ್ತೆ ಮೇಲೇರಿಸಿ ಒಳಗೆ ಬಿಡಿ. ಮಳೆ ನೀರು ಬಾಗಿನ ತಳದಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ವಯರಿನ ಬೆನ್ನು ಹಿಡಿದು ಒಳಗೆ ಬರುವುದಿಲ್ಲ.

7. ಸುತ್ತಿ ಟೇಪು ಹಚ್ಚುವ ಜೋಡಣೆ ಬೇಡ. ಬಿಸಿಗೆ ಟೇಪಿನ ಅಂಟು ಕರಗುತ್ತದೆ. ಥಿಂಬಲ್ ಹಾಕಿ ಕ್ರಿಂಪ್ ಮಾಡಿ, ಮೇಲೆ ಕಾಯಿಸಿದರೆ ಕುಗ್ಗುವ ಸ್ಲೀವು ಹಾಕಿ. ಕ್ರಿಂಪ್ ಆದ ಮೇಲೆ ಗಟ್ಟಿಯಾಗಿ ಎಳೆದು ನೋಡಿ. ಕಳಚಿ ಬರುವುದಾದರೆ ಈಗಲೇ ಬರಲಿ.

8. ಎಲ್‌ಇಡಿಗೆ ಪ್ಲಸ್, ಮೈನಸ್ ಅದಲು ಬದಲಾಗಬಾರದು. ಕೆಂಪು ಪ್ಲಸ್, ಕಪ್ಪು ಮೈನಸ್.

9. ಎಲ್ಲ ಮುಗಿದ ಮೇಲೆ ಬ್ಯಾಟರಿಯ ಮೈನಸ್ ಸೇರಿಸಿ, ಕೊನೆಗೆ ಫ್ಯೂಸು ಹಾಕಿ.

ಪರೀಕ್ಷೆ

ಎಂಜಿನ್ ಓಡುತ್ತಿರಲಿ, ದೀಪ ಉರಿಯುತ್ತಿರಲಿ. ಮೀಟರಿನಲ್ಲಿ ಬ್ಯಾಟರಿಯ ವೋಲ್ಟು ನೋಡಿ, ಆ ಮೇಲೆ ದೀಪದ ಹಿಂದಿನ ವೋಲ್ಟು ನೋಡಿ. ಎರಡರ ಅಂತರ ಅರ್ಧ ವೋಲ್ಟಿನ ಆಸುಪಾಸು ಇದ್ದರೆ ಕೆಲಸ ಸರಿಯಾಗಿದೆ. ಒಂದು ವೋಲ್ಟು ದಾಟಿದರೆ ಎಲ್ಲೋ ವಯರು ಸಪೂರ, ಅಥವಾ ಜೋಡಣೆ ಸಡಿಲ. ಎಲ್‌ಇಡಿ ದೀಪ ವೋಲ್ಟು ಕಡಿಮೆಯಾದರೂ ಸಾಮಾನ್ಯವಾಗಿ ಮಂಕಾಗುವುದಿಲ್ಲ, ಹಾಗಾಗಿ ಕಣ್ಣನ್ನು ನಂಬದೆ ಮೀಟರನ್ನೇ ನಂಬಿ.

ಹದಿನೈದು ನಿಮಿಷ ಉರಿಸಿ, ಆರಿಸಿ, ವಯರು, ಫ್ಯೂಸಿನ ಹೋಲ್ಡರು, ಥಿಂಬಲ್ ಎಲ್ಲವನ್ನೂ ಕೈಯಲ್ಲಿ ಮುಟ್ಟಿ ನೋಡಿ. ಎಲ್ಲಿ ಬಿಸಿಯೋ ಅಲ್ಲಿ ದೋಷ.

ಬ್ಯಾಟರಿಗೆ ಎಷ್ಟು ತಾಳುವ ಶಕ್ತಿ

ಎಂಜಿನ್ ಆರಿಸಿ ದೀಪ ಉರಿಸುವಾಗ ಮಿತಿ ಇರಲಿ. 60 ಆಂಪಿಯರ್-ಅವರಿನ ಬ್ಯಾಟರಿಯಲ್ಲಿ ಕಾಲು ಪಾಲು, ಅಂದರೆ 15ನ್ನು ಮಾತ್ರ ದೀಪಕ್ಕೆ ಎಂದು ಇಟ್ಟುಕೊಂಡರೆ, 9 ಆಂಪಿಯರಿನ ಹ್ಯಾಲೊಜೆನ್ ಒಂದೂವರೆ ಗಂಟೆ. 3 ಆಂಪಿಯರಿನ ಎಲ್‌ಇಡಿ ಐದು ಗಂಟೆ. ಬ್ಯಾಟರಿ ಹಳತಾದರೆ ಇದರ ಅರ್ಧ ಎಂದು ತಿಳಿಯಿರಿ. ಡೀಸೆಲ್ ಎಂಜಿನ್ನಿಗೆ ಸ್ಟಾರ್ಟಾಗಲು ದೊಡ್ಡ ಎಳೆತ ಬೇಕು. ಗುಡ್ಡದ ಬುಡದಲ್ಲಿ ರಾತ್ರಿ ಹೊತ್ತು ತಳ್ಳಲಿಕ್ಕೆ ಜನ ಎಲ್ಲಿಂದ ತರುವುದು? ಹಳೆ ಜೀಪಿನ ಡೈನಮೋ ನಿಧಾನ ಓಟದಲ್ಲಿ ಕೊಡುವ ಕರೆಂಟೂ ಬಹಳ ಕಡಿಮೆ. ಎಂಜಿನ್ ಓಡುತ್ತಿದೆ ಎಂಬ ಧೈರ್ಯ ಅಲ್ಲಿ ಸಾಲದು.

ತೊಂದರೆ ಬಂದರೆ

ಫ್ಯೂಸು ಮತ್ತೆ ಮತ್ತೆ ಹೋಗುತ್ತದೆ: ವಯರು ಎಲ್ಲೋ ಸುಲಿದು ತಗಡಿಗೆ ತಾಗುತ್ತಿದೆ. ಇಲಿ ಕಡಿದಿರಲೂಬಹುದು, ಅಡಿಕೆ ಗೋಡೌನಿನ ಹತ್ತಿರ ನಿಲ್ಲಿಸುವ ಗಾಡಿಗಳಲ್ಲಿ ಇದನ್ನೇ ಮೊದಲು ನೋಡಿ.

ಎರಡರಲ್ಲಿ ಒಂದು ದೀಪ ಮಾತ್ರ ಮಂಕು: ಆ ದೀಪದ ಅರ್ತು ನೋಡಿ.

ರಿಲೇ ಟಕ್ ಎನ್ನುತ್ತದೆ, ದೀಪವಿಲ್ಲ: ದೊಡ್ಡ ಫ್ಯೂಸು, 30 ಮತ್ತು 87ರ ವಯರು ನೋಡಿ.

ಟಕ್ ಶಬ್ದವೂ ಇಲ್ಲ: ಸಣ್ಣ ಫ್ಯೂಸು, ಸ್ವಿಚ್ಚು, 85ರ ಅರ್ತು ನೋಡಿ.

ರಿಲೇ ಟಕಟಕ ಎಂದು ಬಡಿದುಕೊಳ್ಳುತ್ತದೆ: ಬ್ಯಾಟರಿ ಇಳಿದಿದೆ, ಇಲ್ಲವೇ ಜೋಡಣೆ ಸಡಿಲ.

ಸ್ವಿಚ್ಚು ಆರಿಸಿದರೂ ದೀಪ ಆರುವುದಿಲ್ಲ: ರಿಲೇಯ ಪಾಯಿಂಟು ಅಂಟಿಕೊಂಡಿದೆ. ಕೂಡಲೇ ಫ್ಯೂಸು ಕಿತ್ತು, ರಿಲೇ ಬದಲಿಸಿ.

ಮಳೆಗಾಲದ ಮೊದಲು ಒಮ್ಮೆ

ಪತ್ತನಾಜೆಯ ಹೊತ್ತಿಗೆ, ಮಾಡಿನ ಹಂಚು ಸರಿಪಡಿಸುವ ಹಾಗೆ, ಇದಕ್ಕೂ ಅರ್ಧ ಗಂಟೆ ಕೊಡಿ. ಬೋಲ್ಟು ಬಿಗಿಯಿರಿ, ಥಿಂಬಲ್ಲುಗಳಿಗೆ ವ್ಯಾಸಲಿನ್ ಹಚ್ಚಿ, ಪೈಪಿನ ಒಳಗೆ ಇಲಿ ಹಲ್ಲು ತಾಗಿದೆಯೇ ನೋಡಿ, ಗಾಜಿನ ಒಳಗೆ ಮಂಜು ಹಿಡಿದಿದ್ದರೆ ರಬ್ಬರು ಬದಲಿಸಿ. ಕಡಲ ಕರೆಯವರು ದೀಪವನ್ನು ಆಗಾಗ ಸಿಹಿನೀರಿನಲ್ಲಿ ತೊಳೆಯುತ್ತಿರಲಿ.

ಕೆಲಸವನ್ನು ಬೇರೆಯವರಲ್ಲಿ ಮಾಡಿಸುವವರು ದುಡ್ಡು ಕೊಡುವ ಮೊದಲು ಬಾನೆಟ್ಟು ಎತ್ತಿ ಮೂರು ಪ್ರಶ್ನೆ ಕೇಳಿ. ಫ್ಯೂಸು ಎಲ್ಲಿದೆ? ರಿಲೇ ಎಲ್ಲಿದೆ? ಅರ್ತು ಎಲ್ಲಿ ಕೊಟ್ಟಿದ್ದೀರಿ? ಮೂರನ್ನೂ ಬೆರಳಿಟ್ಟು ತೋರಿಸಿದರೆ ಗಾಡಿ ಮನೆಗೆ ತನ್ನಿ. ತೋರಿಸದಿದ್ದರೆ ಗಾಡಿ ಅಲ್ಲೇ ಇರಲಿ, ಕೆಲಸ ಇನ್ನೂ ಮುಗಿದಿಲ್ಲ.